ಕೇಳುವುದು, ಕೇಳಿಸುವುದು

'ನಾನು ದಿನವೂ ರೇಡಿಯೋ ಕೇಳುತ್ತೇನೆ' ಎಂಬ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದರೆ ಬುಕ್ಕಾಂಬುಧಿಯಂಥ ಊರುಗಳ ಮಕ್ಕಳಲ್ಲಿ ಹಲವರು 'ಐ ಹಿಯರ್ ದ ರೇಡಿಯೋ' ಎಂದೇ ಬರೆಯುತ್ತಾರೆ. ಅಂಕ ಹೋಗುತ್ತದೆ, ಏಕೆ ಹೋಯಿತೆಂಬುದು ಮಾತ್ರ ತಿಳಿಯುವುದಿಲ್ಲ. 'ಹಿಯರ್', 'ಲಿಸನ್' ಎರಡಕ್ಕೂ ನಾವು ಹೇಳಿಕೊಟ್ಟ ಅರ್ಥ 'ಕೇಳು' ಎಂದೇ. ಸಾಲದುದಕ್ಕೆ 'ಆಸ್ಕ್' ಎಂಬುದಕ್ಕೂ ಅದೇ!

ಹಾಗೆಂದು ಈ ಭೇದ ಕನ್ನಡಕ್ಕೆ ಹೊಸದೆಂದು ಭಾವಿಸಬೇಕಾಗಿಲ್ಲ. ಕೆರೆ ಕೋಡಿ ಬಿದ್ದ ರಾತ್ರಿ ಹಾಸಿಗೆಯಲ್ಲಿ ಮಲಗಿದ್ದರೂ 'ನನಗೆ' ನೀರಿನ ಮೊರೆತ ಕೇಳಿಸುತ್ತದೆ. ಅದಕ್ಕಾಗಿ ನಾನೇನೂ ಮಾಡಬೇಕಾಗಿಲ್ಲ, ಕಿವಿಯಿದ್ದರೆ ಸಾಕು. ಇಲ್ಲಿರುವುದು ಚತುರ್ಥೀ ವಿಭಕ್ತಿ, ಇದು 'ಹಿಯರ್'. ಹರಿಕಥೆಯನ್ನಾದರೋ 'ನಾನು' ಕೇಳುತ್ತೇನೆ. ಇಲ್ಲಿ ಪ್ರಥಮಾ ವಿಭಕ್ತಿ. ಮನಸ್ಸು ಕೊಟ್ಟು ಮಾಡುವ ಕೆಲಸ. ಇದು 'ಲಿಸನ್', ನಮ್ಮ ಹಳೆಯ 'ಆಲಿಸು'. 'ಸೀ' ಮತ್ತು 'ಲುಕ್' ಎಂಬ ಜೋಡಿಯೂ ಹೀಗೆಯೇ: ಬೆಟ್ಟ ನನಗೆ ಕಾಣಿಸುತ್ತದೆ, ನಾನು ಬೆಟ್ಟವನ್ನು ನೋಡುತ್ತೇನೆ.

ಪ್ರಯೋಗದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. 'ಲಿಸನ್' ಆದ ಮೇಲೆ ಏನನ್ನು ಕೇಳಿದೆವೆಂದು ಹೇಳುವುದಿದ್ದರೆ ನಡುವೆ 'ಟು' ಬರಬೇಕು. 'ಹಿಯರ್'ಗೆ ಅದು ಬೇಡ. ಸದ್ದು ಈಗ ಕೇಳಿಸುತ್ತಿದೆ ಎನ್ನಲು 'ಐ ಆಮ್ ಹಿಯರಿಂಗ್' ಎನ್ನುವುದು ರೂಢಿಯಲ್ಲ, 'ಐ ಕ್ಯಾನ್ ಹಿಯರ್' ಎನ್ನುವುದೇ ವಾಡಿಕೆ. 'ಐ ಆಮ್ ಲಿಸನಿಂಗ್' ಎನ್ನಲು ಅಡ್ಡಿಯಿಲ್ಲ.

ನಮ್ಮ ಸೂತ್ರಕ್ಕೆ ಅಪವಾದವೂ ಉಂಟು. 'ನಿಮ್ಮ ಮಗಳ ಮದುವೆಯ ಸುದ್ದಿ ಕೇಳಿದೆ' ಎಂಬಲ್ಲಿ ಕೇಳಿದವನು 'ನಾನು' ಆದರೂ, ಸುದ್ದಿ ತಾನಾಗಿ ಕಿವಿಗೆ ಬಿದ್ದದ್ದರಿಂದ ಇಂಗ್ಲಿಷಿನಲ್ಲಿ 'ಹಿಯರ್' ಎಂದೇ ಆಗಬೇಕು. ನ್ಯಾಯಾಲಯದವರು ಎರಡೂ ಕಡೆಯ ವಾದವನ್ನು ಮನಸ್ಸಿಟ್ಟೇ ಆಲಿಸುತ್ತಾರೆ. ಆದರೂ ವಿಚಾರಣೆಗೆ 'ಹಿಯರಿಂಗ್' ಎಂದೇ ಹೆಸರು.

1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದಿತು. ಆ ವಾಣಿ ಪಡಸಾಲೆಯಿಂದ ಅಡುಗೆಮನೆಯವರೆಗೆ ಎಲ್ಲರಿಗೂ ಕೇಳಿಸುತ್ತದೆ. ಅದನ್ನು ಕೇಳುವವರು ಮಾತ್ರ ಕೆಲವರೇ. ತರಗತಿಯಲ್ಲಿಯೂ ಅಷ್ಟೆ. 'ಕೇಳಿಸಿತೇನಯ್ಯಾ?' ಎಂದರೆ ಹಿಂದಿನ ಬೆಂಚಿನಿಂದ 'ಕೇಳಿಸಿತು ಸಾರ್' ಎಂಬ ಉತ್ತರ ಬರುತ್ತದೆ. ಅದು ನಿಜವೇ, ಕೇಳಿದ್ದನೋ ಇಲ್ಲವೋ ಎಂಬುದು ಬೇರೆಯ ಮಾತು.

ಆದುದರಿಂದ ಮಗು ಪಾಠ ಬರೆಯುತ್ತ ತಡವರಿಸಿದರೆ 'ಇಲ್ಲಿ ನನಗೆ ಎನ್ನುತ್ತೀಯೋ, ನಾನು ಎನ್ನುತ್ತೀಯೋ?' ಎಂದು ಮೊದಲು ಕನ್ನಡದಲ್ಲಿ ವಿಚಾರಿಸಿ. ಇಷ್ಟನ್ನು ಹೇಳಿಕೊಡಲು ತಾಯಿಗೆ ಇಂಗ್ಲಿಷ್ ಬರಬೇಕಾಗಿಲ್ಲ.