ಹಳೆಯ ಗಣಕಯಂತ್ರದಲ್ಲಿ ದೋಷನಿರ್ಣಯದ ಕ್ರಮ

ದುರಸ್ತಿಯೆಂದರೆ ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಕೂಡಿಸುವುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಕೆಟ್ಟಿರುವ ಭಾಗ ಯಾವುದೆಂಬುದನ್ನು ತರ್ಕದಿಂದ ನಿರ್ಧರಿಸುವುದೇ ಈ ವಿದ್ಯೆಯ ಸಾರವಾಗಿದೆ. ಈ ಮಾತನ್ನು ಬಿಬಿಸಿ ಮೈಕ್ರೋ ಗಣಕದ ಉದಾಹರಣೆಯಿಂದ ವಿಶದಪಡಿಸಲು ಇಲ್ಲಿ ಯತ್ನಿಸಿದ್ದೇವೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದ ಈ ಯಂತ್ರವು, ಭಾರತದಲ್ಲಿ 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಬಂದಿತು.

ಬಹುಕಾಲ ಮೂಲೆಯಲ್ಲಿದ್ದ ಯಂತ್ರಕ್ಕೆ ಒಡನೆಯೇ ವಿದ್ಯುತ್ತನ್ನು ಹರಿಸಕೂಡದು. ಅದರ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲಿ ಲೋಹಲೇಪಿತ ಕಾಗದದ ಕೆಪಾಸಿಟರುಗಳಿರುತ್ತವೆ. ಕಾಲಕ್ರಮದಲ್ಲಿ ಅವುಗಳ ಹೊರಕವಚ ಬಿರಿದು, ಒಳಗಿನ ಕಾಗದ ತೇವವನ್ನು ಹೀರುತ್ತದೆ. ಆಗ ವಿದ್ಯುತ್ತು ಹರಿದರೆ ಅವು ಒಡೆದು ದಟ್ಟವಾದ ಹೊಗೆಯನ್ನು ಉಗುಳುತ್ತವೆ. ವಿದ್ಯುತ್ ಗದ್ದಲವನ್ನು ಸೋಸುವುದಷ್ಟೇ ಅವುಗಳ ಕೆಲಸವಾದುದರಿಂದ, ಅವು ಸುಟ್ಟ ಮೇಲೂ ಗಣಕವು ನಡೆಯಬಹುದು. ಹೊಗೆಯನ್ನು ಕಂಡು ಇಡೀ ಯಂತ್ರವೇ ನಾಶವಾಯಿತೆಂದು ತೀರ್ಮಾನಿಸುವುದು ಸರಿಯಲ್ಲ. ಪ್ಲಗ್ಗನ್ನು ತೆಗೆದ ಮೇಲೂ ಪೆಟ್ಟಿಗೆಯೊಳಗೆ ಅಪಾಯಕರ ವಿದ್ಯುದಂಶ ಉಳಿದಿರಬಹುದು. ಆದಕಾರಣ ಬಲ್ಲವರೇ ಅದನ್ನು ತೆರೆಯತಕ್ಕದ್ದು.

ಮುಂದಿನ ಹೆಜ್ಜೆ 5 ವೋಲ್ಟಿನ ಪರೀಕ್ಷೆ. ಇದನ್ನು ಪೆಟ್ಟಿಗೆಯ ಬಳಿಯಲ್ಲಲ್ಲದೆ ಚಿಪ್ಪಿನ ಕಾಲುಗಳಲ್ಲಿಯೂ ಅಳೆಯಬೇಕು. ಅಲ್ಲಿ 4.75ರಿಂದ 5.25 ವೋಲ್ಟಿನೊಳಗೆ ಇರುವುದು ಯುಕ್ತ. ಪೆಟ್ಟಿಗೆಯಲ್ಲಿ ಸರಿಯಿದ್ದು ಚಿಪ್ಪಿನಲ್ಲಿ ಕಡಮೆಯಾದರೆ, ನಡುವಣ ಜೋಡಣೆಗಳು ಸಡಿಲವಾಗಿರುವುವೆಂದು ಮೊದಲು ಶಂಕಿಸಬೇಕು.

ಇನ್ನು ಈ ಯಂತ್ರ ತಾನೇ ನೀಡುವ ಸಾಕ್ಷ್ಯವನ್ನು ಗಮನಿಸೋಣ. ಸ್ವಿಚ್ಚು ಒತ್ತಿದೊಡನೆ ಧ್ವನಿಯ ಚಿಪ್ಪು ತಾನಾಗಿಯೇ ಒಂದು ಮಂದ್ರಸ್ವರವನ್ನು ಹೊರಡಿಸುತ್ತದೆ. ಪ್ರೊಸೆಸರು ರೋಮಿನಲ್ಲಿರುವ ಆದೇಶಗಳನ್ನು ಪಾಲಿಸತೊಡಗಿದಾಗ ಆ ಸ್ವರವು ಅಡಗಿ, ತಾರಸ್ವರದ ಚಿಕ್ಕದೊಂದು 'ಬೀಪ್' ಕೇಳಿಬರುತ್ತದೆ. ಮಂದ್ರಸ್ವರವೇ ನಿಲ್ಲದೆ ಮುಂದುವರಿದರೆ ಆದೇಶಗಳ ಪಾಲನೆ ಸರಿಯಾಗಿ ಆರಂಭವಾಗಿಲ್ಲವೆಂದು ತಿಳಿಯಬೇಕು. ಆಗ ಗಡಿಯಾರದ ಸ್ಪಂದನ, ರೀಸೆಟ್ ತಂತಿ, ದತ್ತಾಂಶದ ತಂತಿಗಳು, ಇವನ್ನು ಆಸಿಲೋಸ್ಕೋಪಿನಿಂದ ಕ್ರಮವಾಗಿ ಪರೀಕ್ಷಿಸಬೇಕಾಗುತ್ತದೆ. ಬೀಪ್ ಕೇಳಿಸಿಯೂ ಚಿತ್ರವಿಲ್ಲದಿದ್ದರೆ ಶೋಧನೆಯನ್ನು ಚಿತ್ರಮಂಡಲ, ಕೇಬಲ್ಲು ಮತ್ತು ಪರದೆಗಳ ಕಡೆಗೆ ತಿರುಗಿಸಬಹುದು. ಪರದೆಯ ಮೇಲೆ 'ಲ್ಯಾಂಗ್ವೇಜ್?' ಎಂಬ ಪ್ರಶ್ನೆ ಮೂಡಿದರೆ ಪ್ರೊಸೆಸರೂ ಚಿತ್ರಮಂಡಲವೂ ಕೆಲಸ ಮಾಡುತ್ತಿವೆ. ಬೇಸಿಕ್ ಭಾಷೆಯ ರೋಮ್ ಮಾತ್ರ ಯಂತ್ರಕ್ಕೆ ಗೋಚರವಾಗುತ್ತಿಲ್ಲ. ಆ ಚಿಪ್ಪನ್ನು ಸಾಕೆಟ್ಟಿನಿಂದ ಬಿಡಿಸಿ, ಕಾಲುಗಳ ಕಿಲುಬನ್ನು ಒರೆಸಿ, ಮತ್ತೆ ಕೂರಿಸಿ ನೋಡುವುದು ಚಿಪ್ಪನ್ನೇ ಬದಲಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಹೀಗೆ ಪ್ರತಿಯೊಂದು ಲಕ್ಷಣವೂ ದೋಷವಿರಬಹುದಾದ ಕ್ಷೇತ್ರವನ್ನು ಸಂಕುಚಿತಗೊಳಿಸುತ್ತದೆ. ಇದರಲ್ಲಿ ಕೇವಲ ಸೌಕರ್ಯದ ಪ್ರಶ್ನೆಯಿಲ್ಲ. ಈ ಗಣಕಕ್ಕೆಂದೇ ರಚಿತವಾದ ಚಿತ್ರದ ಚಿಪ್ಪನ್ನು ಮೂಲ ತಯಾರಕರು ಈಗ ತಯಾರಿಸುತ್ತಿಲ್ಲ. ಊಹೆಯನ್ನೇ ನಂಬಿ ಬೆಸುಗೆಯ ಕಡ್ಡಿಯನ್ನು ಹಿಡಿದರೆ ಫಲಕದ ತಾಮ್ರದ ಹಾದಿಗಳೇ ಕಿತ್ತುಬರುವ ಸಂಭವವುಂಟು. ನಮ್ಮ ಕಾಲೇಜುಗಳ ಉಗ್ರಾಣಗಳಲ್ಲಿ ಇಂಥ ಹಳೆಯ ಯಂತ್ರಗಳು ಉಳಿದಿದ್ದರೆ, ಅವನ್ನು ಗುಜರಿಗೆ ಹಾಕುವ ಮುನ್ನ ವಿದ್ಯಾರ್ಥಿಗಳ ಮುಂದಿಡುವುದು ಲೇಸು. ಕಾರಣದಿಂದ ಕಾರ್ಯವನ್ನಲ್ಲದೆ ಕಾರ್ಯದಿಂದ ಕಾರಣವನ್ನೂ ಅರಸುವ ಅಭ್ಯಾಸಕ್ಕೆ ಇವು ಉತ್ತಮ ಸಾಧನಗಳೆಂಬುದು ನಮ್ಮ ಅಭಿಪ್ರಾಯ.