ಅರಳೆಯ ಊರಿನಲ್ಲಿ ಓಸಿ

ಸಂಜೆಯಾದರೆ ಹುಬ್ಬಳ್ಳಿಯ ಪೇಟೆ ಓಣಿಗಳಲ್ಲಿ ಮಿರ್ಚಿಯ ಬಾಣಲೆ ಒಲೆ ಏರುತ್ತದೆ. ಲಾರಿಯಿಂದ ಚೀಲ ಇಳಿಸಿ ಬಂದ ಹಮಾಲರು ಚಹಾದಂಗಡಿ ಮುಂದೆ ಕಪ್ಪು-ಬಸಿ ಹಿಡಿದು ನಿಂತಿರುತ್ತಾರೆ.

"ಅಣ್ಣಾ, ಓಪನ್ ಏನ ಬಂತು?"

"ನಾಕು ಬಂದೈತಿ ನೋಡ."

ಒಬ್ಬನ ಮುಖ ಅರಳುತ್ತದೆ, ಉಳಿದವರದು ಬಾಡುತ್ತದೆ. ಗೋಡೆಗೆ ಒರಗಿದವನೊಬ್ಬ ಸಣ್ಣ ಚೀಟಿಯಲ್ಲಿ ಎರಡು ಅಂಕಿ ಗೀಚಿ, ಬೆವರಿಗೆ ಒದ್ದೆಯಾದ ನೋಟನ್ನು ಮಡಚಿ ಜೇಬಿಗಿಳಿಸುತ್ತಾನೆ.

ಓಪನ್-ಕ್ಲೋಸ್, ಅಂದರೆ ಓಸಿ ಎಂದು ಕರೆಯುವ ಈ ಮಟಕಾ ಜೂಜು ಹುಟ್ಟಿದ್ದೇ ಅರಳೆಯ ಬೆನ್ನಿಗೆ. ರೈಲು ಬರುವ ಮುನ್ನ ಧಾರವಾಡ ಸೀಮೆಯ ಹತ್ತಿ ಚಕ್ಕಡಿಯೇರಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಮುಂಬೈ ಸೇರುತ್ತಿತ್ತು. ಅದೇ ಮುಂಬೈಯಲ್ಲಿ, ನ್ಯೂಯಾರ್ಕಿನಿಂದ ಟೆಲಿಪ್ರಿಂಟರಿನಲ್ಲಿ ಬರುವ ಹತ್ತಿಯ ಓಪನ್, ಕ್ಲೋಸ್ ದರಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಿತು. ಮರುವರ್ಷವೇ ಕಲ್ಯಾಣಜಿ ಭಗತ್ ವರ್ಲಿಯಲ್ಲಿ ತಾನೇ ಅಂಕಿ ತೆಗೆಯತೊಡಗಿದ. 1964ರಲ್ಲಿ ರತನ್ ಖತ್ರಿ ತನ್ನದೊಂದು ಆಟ ಹೂಡಿದ. ಮಡಕೆಯಿಂದ ಎತ್ತುವ ಅಂಕಿಯ ಚೀಟಿ ಹೋಗಿ ಇಸ್ಪೀಟೆಲೆ ಬಂತು. 5, 3, 6 ಎತ್ತಿದರೆ ಮೊತ್ತ 14, ಓಪನ್ 4. ಗಿರಣಿ ಕಾರ್ಮಿಕರ ಕೂಲಿಯ ಮೇಲೆ ಸಾಮ್ರಾಜ್ಯವೇ ಎದ್ದಿತು. ಅದರ ವಾರಸುದಾರ ಸುರೇಶ್ ಭಗತ್ 2008ರಲ್ಲಿ ಲಾರಿ ಗುದ್ದಿ ಸತ್ತ. ಅದು ಅಪಘಾತವಲ್ಲ, ಕೊಲೆ ಎಂದು 2013ರಲ್ಲಿ ಮುಂಬೈ ಕೋರ್ಟು ತೀರ್ಪು ಕೊಟ್ಟಿತು.

ನಮ್ಮ ಕಡೆ 'ಒಂದು ರೂಪಾಯಿಗೆ ಎಂಬತ್ತು' ಎಂದು ಕೂಗುತ್ತಾರೆ. ಓಪನ್, ಕ್ಲೋಸ್ ಅಂಕಿಗಳು ಸೇರಿದ ಜೋಡಿಗಳು 00ರಿಂದ 99ರವರೆಗೆ ನೂರು. ನೂರಕ್ಕೂ ಒಂದೊಂದು ರೂಪಾಯಿ ಬಿದ್ದರೆ ಗೆದ್ದವನಿಗೆ 80, ಉಳಿದ 20 ಮೇಲಿನವರಿಗೆ. ಅದೃಷ್ಟ ಯಾರದ್ದೇ ಇರಲಿ, ಈ ಇಪ್ಪತ್ತು ತಪ್ಪುವುದಿಲ್ಲ. ಬೆನ್ನು ಬಾಗಿಸಿ ದುಡಿದವರ ಇಪ್ಪತ್ತು ಅದು. ನೆನೆದರೆ ಹೊಟ್ಟೆ ಉರಿಯುತ್ತದೆ.

ದಾಳಿಗಳೇನೋ ಆಗುತ್ತಲೇ ಇರುತ್ತವೆ. ಕರ್ನಾಟಕ ಪೊಲೀಸ್ ಕಾಯ್ದೆಯ 78(3)ನೇ ಕಲಂ ಹಚ್ಚುತ್ತಾರೆ. ಪಂಚನಾಮೆಯಲ್ಲಿ ಒಂದಿಷ್ಟು ನಗದು, ಅಂಕಿ ಬರೆದ ಚೀಟಿ, ಒಂದು ಬಾಲ್ ಪೆನ್. ಸಿಕ್ಕವನು ಕಮಿಷನ್ನಿಗೆ ಚೀಟಿ ಬರೆಯುವ ಬಡವ. ಪಟ್ಟಿ ತಗೊಳ್ಳುವ ಬುಕ್ಕಿಯನ್ನು ಎಷ್ಟೋ ಸಲ ಅವನೂ ಕಂಡಿರುವುದಿಲ್ಲ.

ಈಗ ಚೀಟಿಯೂ ಬೇಕಿಲ್ಲ. ಅಂಕಿ ವಾಟ್ಸಾಪಿನಲ್ಲಿ, ದುಡ್ಡು ಯುಪಿಐಯಲ್ಲಿ ಹೋಗುತ್ತದೆ. ಚೀಟಿಯನ್ನು ನುಂಗಿ ಬಿಡಬಹುದಿತ್ತು. ಬ್ಯಾಂಕಿನ ಲೆಕ್ಕವನ್ನು ನುಂಗಲಾಗದು. ಹುಬ್ಬಳ್ಳಿ-ಧಾರವಾಡ ಕಮಿಷನರೇಟಿನವರು ಆ ಜಾಡು ಹಿಡಿದು ಚಹಾದಂಗಡಿ ದಾಟಿ, ಪಟ್ಟಿ ಸೇರುವ ಮನೆಯವರೆಗೂ ಹೋಗಲಿ.