ಒಂದನ್ನು ತೆಗೆದೆ, ಪಕ್ಕದ್ದು ಉಳಿಯಿತು!

ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ವಾಲ್ವ್ ಘಟಕವೊಂದಕ್ಕೆ ಟ್ರೇನಿಯಾಗಿ ಸೇರಿದ್ದೆ. ಕಲಿತ ಪೈಥಾನ್ ತೋರಿಸಲು ಕೈ ತುರಿಸುತ್ತಿತ್ತು.

ಅಲ್ಲಿ ಪ್ರತಿ ವಾಲ್ವ್ ಬಾಡಿಗೂ ನೀರು ತುಂಬಿ, ಅದು ತಡೆಯಬೇಕಾದ ಒತ್ತಡದ 1.5 ಪಟ್ಟು ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ಸೋರಿದರೆ ಕೆಂಪು ಬಣ್ಣ ಹಚ್ಚಿ ರಿಜೆಕ್ಟ್. ಆ ನಂಬರುಗಳನ್ನು ಲೋಡಿಂಗ್ ಪಟ್ಟಿಯಿಂದ ಪೆನ್ನಿನಲ್ಲಿ ಹೊಡೆದು ಹಾಕುತ್ತಿದ್ದರು. ಆ ಕೆಲಸಕ್ಕೆ ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಪಟ್ಟಿಯ ಮೊದಲಿನಿಂದ ಒಂದೊಂದೇ ನಂಬರ್ ನೋಡು, ರಿಜೆಕ್ಟ್ ಆಗಿದ್ದರೆ ಅಲ್ಲೇ ತೆಗೆ, ಮುಂದೆ ಹೋಗು. ಅಷ್ಟೇ. ಎರಡು ವಾರ ಚೆನ್ನಾಗಿಯೇ ನಡೆಯಿತು. ಎಲ್ಲರೂ ಬೆನ್ನು ತಟ್ಟಿದರು.

ಒಂದು ಸಂಜೆ ಲೋಡಿಂಗ್ ಜಾಗದಲ್ಲಿ ಗದ್ದಲ. ಮುಚ್ಚಲಿದ್ದ ಪೆಟ್ಟಿಗೆಯೊಳಗೆ ಕೆಂಪು ಬಣ್ಣದ ಬಾಡಿ ಸಿಕ್ಕಿತ್ತು. "ನಂಬರ್ ಪಟ್ಟ್ಯಾಗ ಐತ್ರೀ ಸರ್" ಎಂದು ಪ್ಯಾಕಿಂಗ್ ಹುಡುಗ ಅಳುಮುಖ ಮಾಡಿ ನಿಂತಿದ್ದ. "ಕಂಪ್ಯೂಟರ್ ತಪ್ಪತೈತೇನು?" ಎಂದು ಅವನನ್ನೇ ಬೈದರು. ಅವನ ಆ ದಿನದ ಪಗಾರ ಕಟ್ ಮಾಡುವ ಮಾತೂ ಬಂತು.

ನಾನು ಪಟ್ಟಿ ತೆಗೆದು ನೋಡಿದೆ. ಅಂದು 14 ಮತ್ತು 15ನೆಯವು ಎರಡೂ ರಿಜೆಕ್ಟ್. 14 ಹೋಗಿತ್ತು, 15 ಉಳಿದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿದ್ದರೂ "ತಪ್ಪು ಅವಂದಲ್ರೀ, ನನ್ನ ಪ್ರೋಗ್ರಾಮಿಂದು" ಎಂದುಬಿಟ್ಟೆ.

ಫೋರ್‌ಮನ್ ಕಾಕಾ ಬೈಯಲಿಲ್ಲ. ಇಳಿಜಾರಿನ ರೋಲರ್ ಹತ್ತಿರ ಕರೆದೊಯ್ದರು. ಅದರ ಮೇಲೆ ಬಾಡಿಗಳು ಸಾಲಾಗಿದ್ದವು. ಕೆಳತುದಿಯಿಂದ ನಾಲ್ಕನೆಯದನ್ನು ಎತ್ತಿದರು. ಹಿಂದಿದ್ದ ಐದನೆಯದು ಜಾರಿ ಆ ಜಾಗಕ್ಕೆ ಬಂತು. "ನೀ ಈಗ ಐದನೇ ಜಾಗಾ ನೋಡಾಕ ಹೋಗ್ತಿ. ಜಾರಿ ಬಂದಿದ್ದನ್ನ ಯಾರು ನೋಡ್ಬೇಕು ತಮ್ಮಾ? ಮ್ಯಾಲಿನ ತುದಿಯಿಂದ ನೋಡ್ಕೋತ ಬಾ. ಆಗ ನೋಡಿದ್ದಷ್ಟ ಜಾರ್ತಾವು."

ಪೈಥಾನ್ ಪಟ್ಟಿಯಲ್ಲೂ ಹೀಗೇ. ಒಂದನ್ನು ತೆಗೆದ ಕೂಡಲೇ ಹಿಂದಿನವೆಲ್ಲ ಒಂದೊಂದು ಜಾಗ ಮುಂದೆ ಸರಿಯುತ್ತವೆ. ಲೂಪ್ ಮಾತ್ರ ತನ್ನ ಪಾಡಿಗೆ ಮುಂದಿನ ಜಾಗಕ್ಕೆ ಹೋಗುತ್ತದೆ. ಎರಡು ರಿಜೆಕ್ಟ್‌ಗಳು ಅಕ್ಕಪಕ್ಕ ಬಾರದಿದ್ದರೆ ಉತ್ತರ ಸರಿಯೇ ಬರುತ್ತದೆ. ಎರಡು ವಾರ ನನ್ನ ತಪ್ಪು ಅಡಗಿ ಕೂತಿದ್ದು ಹಾಗೆ. ಜಾವಾದಲ್ಲಾದರೆ ಇಂಥ ಲೂಪ್ ಸಾಮಾನ್ಯವಾಗಿ 'ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್' ಎಂದು ಕೂಗಿ ನಿಂತುಬಿಡುತ್ತದೆ. ಪೈಥಾನ್ ಡಿಕ್ಷನರಿಯೂ ತಕರಾರು ತೆಗೆಯುತ್ತದೆ. ಪೈಥಾನ್ ಲಿಸ್ಟ್ ಮಾತ್ರ ತುಟಿ ಬಿಚ್ಚುವುದಿಲ್ಲ.

ಪರಿಹಾರ ಸುಲಭ. ಕಾಕಾ ಹೇಳಿದಂತೆ ಕೊನೆಯಿಂದ ಬರಬಹುದು. ಪಟ್ಟಿಯ ಪ್ರತಿ ಮಾಡಿ, ಪ್ರತಿಯನ್ನು ನೋಡುತ್ತ ಮೂಲದಿಂದ ತೆಗೆಯಬಹುದು. ಜಾವಾದಲ್ಲಿ ಇಟರೇಟರ್‌ನ 'ರಿಮೂವ್' ಇದೆ. 2014ರಲ್ಲಿ ಬಂದ ಜಾವಾ 8ರಿಂದ 'ರಿಮೂವ್‌ಇಫ್' ಕೂಡ ಇದೆ. ನಾನು ಮಾಡಿದ್ದು ಇನ್ನೂ ಸರಳ: ಕೆಟ್ಟದ್ದನ್ನು ತೆಗೆಯುವ ಬದಲು, ಒಳ್ಳೆಯದನ್ನಷ್ಟೇ ಆರಿಸಿ ಹೊಸ ಪಟ್ಟಿ ಮಾಡಿದೆ. ಅವ್ವ ಒಳ್ಳೆ ಕಾಳನ್ನು ಬೇರೆ ಬುಟ್ಟಿಗೆ ಆರಿಸಿ ಹಾಕುವ ಹಾಗೆ.

ಹುಡುಗನ ಪಗಾರ ಉಳಿಯಿತು. ಮರುದಿನ ಅವನೇ ನನಗೆ ಚಹಾ ಕುಡಿಸಿದ. ಈಗ ಯಾವ ಪ್ರೋಗ್ರಾಂ ಬರೆದರೂ, ಪರೀಕ್ಷೆಗೆ ಮೊದಲು ಎರಡು ಕೆಟ್ಟ ನಂಬರುಗಳನ್ನು ಅಕ್ಕಪಕ್ಕ ಇಟ್ಟೇ ನೋಡುತ್ತೇನೆ.